‘ಕಟ್’ ಎಲ್ಲಿಂದ ಬಂತು? ನಮ್ಮ ಕತ್ತರಿಗೂ ಅದಕ್ಕೂ ನಂಟಿದೆಯೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಒಂಬತ್ತನೇ ತರಗತಿಗೆ ಕ್ರಿಯಾಪದಗಳ ಮೂರು ರೂಪ ಬರೆಸುತ್ತಿದ್ದೆ. ‘ಕಟ್, ಕಟ್, ಕಟ್’ ಎಂದಾಗ ಮಕ್ಕಳು ಅಲ್ಲೇ ನಿಂತರು. ‘ಕಟೆಡ್’ ಯಾಕಿಲ್ಲ ಮಿಸ್? ಪಿ-ಯು-ಟಿ ‘ಪುಟ್’ ಆದರೆ ಸಿ-ಯು-ಟಿ ‘ಕುಟ್’ ಯಾಕಾಗಲಿಲ್ಲ? ಒಬ್ಬ ಹುಡುಗ ಮನೆಯಲ್ಲಿ ವಾಟ್ಸಾಪ್‌ಗೆ ಬಂದ ಸಂದೇಶವನ್ನು ಬರೆದುಕೊಂಡು ಬಂದಿದ್ದ. ಸಂಸ್ಕೃತದ ‘ಕೃತ್’ (ಕತ್ತರಿಸು), ‘ಕರ್ತರಿ’ಗಳಿಂದಲೇ ಇಂಗ್ಲಿಷಿನ ಕಟ್ ಹುಟ್ಟಿದೆ, ಕಟ್ಲೆಟ್, ಕಟ್ಲರಿ ಎಲ್ಲ ಅದರ ಮಕ್ಕಳು ಎಂದು ಅದರಲ್ಲಿತ್ತು. ಇನ್ನೊಬ್ಬಳು ನಮ್ಮ ‘ಕಟ್ಟು’ ಕೂಡ ಅದೇ ಪದ ಅಲ್ವಾ ಎಂದಳು. ಮಕ್ಕಳಿಗೆ ಸುಳ್ಳು ಹೇಳಿಕೊಡಲು ಇಷ್ಟವಿಲ್ಲ, ಅವರ ಉತ್ಸಾಹಕ್ಕೆ ತಣ್ಣೀರು ಎರಚಲೂ ಇಷ್ಟವಿಲ್ಲ. ಇನ್ನೊಂದು ವಿಷಯ: ‘ಕಾಲ್ ಕಟ್ ಮಾಡಿದೆ’, ‘ಸಂಬಳ ಕಟ್ ಆಯ್ತು’ ಎನ್ನುವುದನ್ನು ಇವರು ಹಾಗೇ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ತಪ್ಪೆಂದು ಕೆಂಪು ಗೆರೆ ಎಳೆಯಬೇಕಾ, ಬಿಡಬೇಕಾ?

ಉತ್ತರ: ಮೇಡಂ, ನಿಮ್ಮ ಮಕ್ಕಳು ಕೇಳಿರುವ ಪ್ರಶ್ನೆಗಳು ಎಂ.ಎ. ತರಗತಿಯಲ್ಲಿ ಕೇಳಬೇಕಾದವು. ಭಾಷೆಗಳ ಚರಿತ್ರೆಯನ್ನು ಪಾಠ ಮಾಡುವವನಾಗಿ ನನಗೆ ಇವು ತುಂಬ ಖುಷಿ ಕೊಟ್ಟವು. ನಿಮ್ಮ ಆತಂಕ ನನಗೆ ಅರ್ಥವಾಗುವುದು ಹೀಗೆ: ವಾಟ್ಸಾಪ್ ಸಂದೇಶವನ್ನು ಸುಳ್ಳೆಂದು ತಳ್ಳಿದರೆ ಆ ಹುಡುಗ ಮುಂದೆ ಏನನ್ನೂ ತರುವುದಿಲ್ಲ. ಒಪ್ಪಿಕೊಂಡರೆ ಒಂದು ತಪ್ಪು ನಿಮ್ಮ ಬಾಯಿಂದಲೇ ನಲವತ್ತು ಮನೆಗೆ ಹೋಗುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ನಿಜವಾದ ಕಥೆ ಆ ಸಂದೇಶಕ್ಕಿಂತ ಚೆನ್ನಾಗಿದೆ.

ಮೊದಲು ಕಟ್ ಪದದ ಹುಟ್ಟು. ಇಂಗ್ಲಿಷಿನ ಅತಿ ಹಳೆಯ ಬರಹಗಳಲ್ಲಿ ಈ ಪದವೇ ಇಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನವರು ಕೊಯ್ಯುವುದಕ್ಕೆ ‘ಚೆಯೊರ್ವನ್’ ಎನ್ನುತ್ತಿದ್ದರು. ಉಣ್ಣೆ, ಕೂದಲು ಕತ್ತರಿಸುವುದಕ್ಕೆ ಬೇರೆ ಪದವಿತ್ತು, ಅದೇ ಇವತ್ತಿನ ‘ಶಿಯರ್’. ಕಟ್ ಕಾಣಿಸಿಕೊಳ್ಳುವುದು 13ನೇ ಶತಮಾನದ ಕೊನೆಯ ಹೊತ್ತಿಗೆ. ಆಗಲೂ ಒಂದೇ ರೂಪದಲ್ಲಲ್ಲ. ಒಂದು ಸೀಮೆಯಲ್ಲಿ ‘ಕಿಟ್ಟನ್’, ಇನ್ನೊಂದರಲ್ಲಿ ‘ಕೆಟ್ಟನ್’, ಮತ್ತೊಂದರಲ್ಲಿ ‘ಕುಟ್ಟನ್’. ಪುಸ್ತಕದಿಂದ ಇಳಿದು ಬಂದ ಪದಕ್ಕೆ ಹೀಗಾಗುವುದು ಕಡಿಮೆ. ಇದು ಜನರ ಬಾಯಲ್ಲಿ ಬಹಳ ಕಾಲ ಓಡಾಡಿ, ಆಮೇಲೆ ಬರಹಕ್ಕೆ ಬಂದ ಪದ.

ಬಾಯಿಗೆ ಹೇಗೆ ಬಂತು? ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ 9ನೇ ಶತಮಾನದಿಂದ ಡೆನ್ಮಾರ್ಕ್, ನಾರ್ವೆ ಕಡೆಯ ವೈಕಿಂಗರು ನೆಲೆಸಿದರು. ಗ್ರಿಮ್ಸ್‌ಬಿ, ಡರ್ಬಿ, ವಿಟ್ಬಿ ಎಂಬ ಊರ ಹೆಸರುಗಳ ಕೊನೆಯ ‘ಬಿ’ ಅವರ ಮಾತಿನಲ್ಲಿ ಊರು ಎಂದೇ ಅರ್ಥ. ಅವರಿಂದ ಇಂಗ್ಲಿಷಿಗೆ ಬಂದ ಪದಗಳು ಅರಮನೆಯವಲ್ಲ, ಅಡುಗೆಮನೆ ಅಂಗಳದವು: ಎಗ್, ಸ್ಕೈ, ವಿಂಡೋ, ಟೇಕ್. ‘ನೈಫ್’ ಕೂಡ ಅವರದೇ. ಅವರ ಮಾತಿನ ಬಳಗಕ್ಕೇ ಸೇರಿದ ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಕುಟಿ’ ಎಂದರೆ ಚಿಕ್ಕ ಚಾಕು. ಸ್ವೀಡನ್ನಿನ ಹಳ್ಳಿಮಾತಿನಲ್ಲಿ ಹೆಚ್ಚುಕಡಿಮೆ ಇದೇ ಪದ ಕೊಯ್ಯುವುದಕ್ಕೂ ಚಾಕುವಿಗೂ ಇದೆ. ಹಾಗಾಗಿ ಕಟ್ ಕೂಡ ಆ ಕಡೆಯಿಂದಲೇ ಬಂದಿರಬೇಕು ಎಂದು ಹೆಚ್ಚಿನ ನಿಘಂಟುಗಳು ಹೇಳುತ್ತವೆ. ‘ಬಹುಶಃ’ ಎಂಬ ಮಾತು ಸೇರಿಸಿಯೇ ಹೇಳುತ್ತವೆ. ನೀವೂ ಆ ‘ಬಹುಶಃ’ವನ್ನು ಬಿಡದೆ ಹೇಳಿ. ತಿಳಿದವರೂ ಹಾಗೆ ಮಾತಾಡುತ್ತಾರೆ ಎಂಬುದು ಮಕ್ಕಳಿಗೆ ಗೊತ್ತಾಗಲಿ.

ಹೊಸ ಪದ ಬಂದ ಮೇಲೆ ಹಳೆಯ ‘ಚೆಯೊರ್ವನ್’ ಸಾಯಲಿಲ್ಲ. ‘ಕಾರ್ವ್’ ಎಂದಾಗಿ ಒಂದು ಮೂಲೆಗೆ ಸರಿಯಿತು. ಇವತ್ತು ಅದು ಕಲ್ಲು, ಮರ ಕೆತ್ತುವುದಕ್ಕೆ ಮತ್ತು ಊಟದ ಮೇಜಿನ ಮೇಲೆ ಬೇಯಿಸಿದ ಮಾಂಸವನ್ನು ತುಂಡು ಮಾಡುವುದಕ್ಕೆ ಮಾತ್ರ. ನಿಮ್ಮ ಮಕ್ಕಳಿಗೆ ಬೇಲೂರು, ಹಳೇಬೀಡು ಪಕ್ಕದಲ್ಲೇ ಇವೆ. ಆ ಶಿಲೆಗಳಿಗೆ ‘ಕಟ್’ ಹೊಂದುವುದಿಲ್ಲ, ‘ಕಾರ್ವ್’ ಬೇಕು ಎಂದರೆ ಥಟ್ಟನೆ ನೆನಪಿಟ್ಟುಕೊಳ್ಳುತ್ತಾರೆ.

ಈಗ ವಾಟ್ಸಾಪ್ ಸಂದೇಶಕ್ಕೆ ಬರೋಣ. ಸಂಸ್ಕೃತ ಮತ್ತು ಇಂಗ್ಲಿಷ್ ದೂರದ ನೆಂಟರು ಎಂಬುದು ನಿಜ. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕು ಎಂದು ಹೇಳಿದರು. ಇಂಗ್ಲಿಷ್ ಸೇರುವ ಜರ್ಮನಿಕ್ ಗುಂಪಿಗೂ ಅದೇ ಮೂಲ ಇರಬಹುದೆಂದರು. ಆದರೆ ನೆಂಟಸ್ತಿಕೆ ಸಾಬೀತಾಗುವುದು ಎರಡು ಪದ ಕೇಳಲು ಒಂದೇ ಥರ ಇದೆ ಎಂಬುದರಿಂದಲ್ಲ. ವ್ಯತ್ಯಾಸ ಕೂಡ ಒಂದು ಕ್ರಮದಲ್ಲಿರಬೇಕು. 1822ರಲ್ಲಿ ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ ಈ ಕ್ರಮವನ್ನು ವಿವರವಾಗಿ ಬರೆದಿಟ್ಟರು. ಬೋರ್ಡಿನ ಮೇಲೆ ಹೀಗೆ ತೋರಿಸಿ. ಸಂಸ್ಕೃತದಲ್ಲಿ ‘ಪ’ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಫ’ ಬರುತ್ತದೆ: ಪಾದ ಮತ್ತು ಫುಟ್, ಪಿತೃ ಮತ್ತು ಫಾದರ್. ‘ದ’ ಇದ್ದಲ್ಲಿ ‘ಟ’: ದಶ ಮತ್ತು ಟೆನ್, ದ್ವಿ ಮತ್ತು ಟು. ‘ಗ’ ಇದ್ದಲ್ಲಿ ‘ಕ’: ಗೋ ಮತ್ತು ಕೌ. ‘ಕ’ ಇದ್ದಲ್ಲಿ ‘ಹ’: ಯಾರು ಎಂಬರ್ಥದ ‘ಕಃ’ ಮತ್ತು ಇಂಗ್ಲಿಷಿನ ‘ಹೂ’.

ಈಗ ಆ ಹುಡುಗನನ್ನೇ ಕೇಳಿ. ‘ಕೃತ್’ ಶುರುವಾಗುವುದು ‘ಕ’ದಿಂದ. ಅದರ ನೇರ ನೆಂಟ ಇಂಗ್ಲಿಷಿನಲ್ಲಿ ಯಾವ ಅಕ್ಷರದಿಂದ ಶುರುವಾಗಬೇಕು? ‘ಹ’ದಿಂದ ಅಲ್ವಾ? ಕಟ್‌ನಲ್ಲಿ ಇರುವುದು ‘ಕ’. ಅದಕ್ಕೆ ಸಂಸ್ಕೃತದಲ್ಲಿ ನೆಂಟ ಇದ್ದಿದ್ದರೆ ‘ಗ’ ಅಥವಾ ‘ಜ’ದಿಂದ ಶುರುವಾಗಿ ‘ದ’ದಲ್ಲಿ ಮುಗಿಯಬೇಕಿತ್ತು. ಎರಡು ಪದಗಳು ಇಷ್ಟು ಹತ್ತಿರ ಕೇಳಿಸುತ್ತಿರುವುದೇ ಅವು ನೆಂಟರಲ್ಲ ಎಂಬುದಕ್ಕೆ ಗುರುತು. ಮಕ್ಕಳಿಗೆ ಇದು ಬಹಳ ಇಷ್ಟವಾಗುವ ಜಾಗ. ನೇರವಾಗಿ ಎರವಲು ಹೋಗಿರಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 13ನೇ ಶತಮಾನದ ಇಂಗ್ಲೆಂಡಿನ ಹಳ್ಳಿಗನಿಗೆ ಸಂಸ್ಕೃತ ಕೇಳುವ ದಾರಿಯೇ ಇರಲಿಲ್ಲ.

ಹಾಗಾದರೆ ಸಂದೇಶ ಪೂರ್ತಿ ಸುಳ್ಳೇ? ಇಲ್ಲ, ಮತ್ತು ನನಗೆ ಈ ಭಾಗವೇ ಅತ್ಯಂತ ಪ್ರಿಯ. ಕೃತ್ ಧಾತುವಿಗೆ, ಅಂದರೆ ‘ಕೃಂತತಿ’ ಎಂಬ ಕ್ರಿಯಾಪದಕ್ಕೆ, ಇಂಗ್ಲಿಷಿನಲ್ಲಿ ನಿಜವಾದ ಬಂಧುಗಳಿವೆ. ಆ ಮೂಲಪದದ ಮುಂದೆ ಒಂದು ‘ಸ್’ ಇತ್ತು. ಕೆಲವು ಭಾಷೆಗಳಲ್ಲಿ ಅದು ಉಳಿಯಿತು, ಸಂಸ್ಕೃತದಲ್ಲಿ ಬಿದ್ದುಹೋಯಿತು. ಮುಂದೆ ‘ಸ್’ ನಿಂತಿದ್ದಾಗ ‘ಕ’ವು ‘ಹ’ ಆಗುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ‘ಸ್ಕ’ ಮೆತ್ತಗಾಗಿ ‘ಶ’ ಆಯಿತು. ಹಾಗೆ ಬಂದವು ಶಿಯರ್, ಶೇರ್, ಶಾರ್ಟ್, ಶರ್ಟ್. ಶೇರ್ ಎಂದರೆ ಕೊಯ್ದು ಹಂಚಿದ ಪಾಲು. ಶಾರ್ಟ್ ಎಂದರೆ ಕತ್ತರಿಸಿ ಗಿಡ್ಡವಾದದ್ದು. ಶರ್ಟ್ ಎಂದರೆ ಗಿಡ್ಡ ಉಡುಪು. ವೈಕಿಂಗರ ಬಾಯಲ್ಲಿ ‘ಸ್ಕ’ ಹಾಗೇ ಗಟ್ಟಿಯಾಗಿ ಉಳಿಯಿತು. ಅವರ ಶರ್ಟೇ ಇಂಗ್ಲಿಷಿಗೆ ಬಂದು ‘ಸ್ಕರ್ಟ್’ ಆಯಿತು. ನಿಮ್ಮ ತರಗತಿಯಲ್ಲಿ ಹುಡುಗರೂ ಹುಡುಗಿಯರೂ ಹಾಕಿಕೊಂಡು ಕೂತಿರುವುದು ಒಂದೇ ಪದವನ್ನು.

‘ಸ್ಕೋರ್’ ಕೂಡ ಇದೇ ಮನೆಯದು. ವೈಕಿಂಗರಲ್ಲಿ ಅದಕ್ಕೆ ಕೋಲಿನ ಮೇಲೆ ಕೊಯ್ದ ಗುರುತು ಎಂದರ್ಥ. ಲೆಕ್ಕ ಇಡುವಾಗ ಇಪ್ಪತ್ತಕ್ಕೊಂದು ಗುರುತು ಕೊಯ್ಯುತ್ತಿದ್ದರು. ಇಂಗ್ಲಿಷಿನಲ್ಲಿ ಸ್ಕೋರ್ ಎಂದರೆ ಇಪ್ಪತ್ತು ಎಂಬ ಹಳೆಯ ಅರ್ಥ ಅಲ್ಲಿಂದಲೇ. ಕ್ರಿಕೆಟ್ಟಿನ ಮೊದಲ ದಿನಗಳಲ್ಲಿ ರನ್ನಿಗೆ ‘ನಾಚ್’ ಎನ್ನುತ್ತಿದ್ದರು, ಅಂದರೆ ಕೊಯ್ದ ಗೀರು. ಲೆಕ್ಕ ಬರೆಯುವವನು ನಿಜವಾಗಿಯೂ ಚಾಕು ಹಿಡಿದು ಕೋಲಿನ ಮೇಲೆ ಗೀರು ಕೊಯ್ಯುತ್ತ ಕೂರುತ್ತಿದ್ದ. ಕೃತ್‌ಗೂ ಸ್ಕೋರ್‌ಕಾರ್ಡಿಗೂ ನಂಟಿದೆ, ಕಟ್‌ಗೆ ಇಲ್ಲ ಎಂದರೆ ಆ ಹುಡುಗ ಸೋತ ಮುಖ ಮಾಡುವುದಿಲ್ಲ.

ಕಟ್ಲೆಟ್, ಕಟ್ಲರಿಗಳ ವಿಷಯ ಬೇಗ ಮುಗಿಯುತ್ತದೆ. ಎರಡೂ ಫ್ರೆಂಚಿನಿಂದ ಬಂದವು, ಎರಡಕ್ಕೂ ಕಟ್‌ಗೂ ಸಂಬಂಧ ಇಲ್ಲ. ಫ್ರೆಂಚಿನಲ್ಲಿ ‘ಕೋತ್’ ಎಂದರೆ ಪಕ್ಕೆಲುಬು, ‘ಕೋತ್ಲೆತ್’ ಎಂದರೆ ಪಕ್ಕೆಲುಬಿನ ಚಿಕ್ಕ ಮಾಂಸದ ತುಂಡು. ನಮ್ಮ ಬೇಕರಿಯ ಆಲೂಗಡ್ಡೆ ಕಟ್ಲೆಟ್‌ನಲ್ಲಿ ಆ ಮಾಂಸವೂ ಇಲ್ಲ, ಎಲುಬೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಕಟ್ಲರಿ ಬಂದದ್ದು ಲ್ಯಾಟಿನ್ನಿನ ‘ಕುಲ್ಟರ್’ ಎಂಬ ಚಾಕುವಿನ ಹೆಸರಿನಿಂದ. ಕಡಲುಗಳ್ಳರ ಚಿತ್ರಗಳಲ್ಲಿ ಕಾಣುವ ‘ಕಟ್ಲಸ್’ ಕತ್ತಿಯ ಮೂಲವೂ ಅದೇ. ಉಲ್ಟಾ ಉದಾಹರಣೆ ಬೇಕಾದರೆ ‘ಟೈಲರ್’ ತೆಗೆದುಕೊಳ್ಳಿ. ಕೇಳಲು ಕಟ್‌ನ ಹತ್ತಿರವೂ ಇಲ್ಲ, ಆದರೆ ಅದರ ಮೂಲ ಅರ್ಥ ‘ಕತ್ತರಿಸುವವನು’. ರೀಟೇಲ್, ಡೀಟೇಲ್‌ಗಳಲ್ಲಿರುವ ‘ಟೇಲ್’ ಕೂಡ ಅದೇ ಕತ್ತರಿಕೆ.

ಇನ್ನು ನಮ್ಮ ‘ಕಟ್ಟು’. ಇದು ಅಪ್ಪಟ ದ್ರಾವಿಡ ಪದ, ತಮಿಳಿನಲ್ಲೂ ಹೀಗೇ ಇದೆ. ಅರ್ಥವೂ ಕಟ್‌ಗೆ ಎದುರು: ಇದು ಜೋಡಿಸುವುದು, ಅದು ಬೇರೆ ಮಾಡುವುದು. ಆ ಹುಡುಗಿಗೆ ಒಂದು ವ್ಯಾಕರಣದ ವಿಷಯವನ್ನೂ ತೋರಿಸಬಹುದು. ‘ಫೀಸ್ ಕಟ್ಟಿದೆ’ ಎಂದು ನೇರವಾಗಿ ಹೇಳುತ್ತೇವೆ. ಆದರೆ ಇಂಗ್ಲಿಷಿನಿಂದ ಎರವಲು ತಂದ ಪದಕ್ಕೆ ಮಾಡು, ಆಗು ಎಂಬ ಊರುಗೋಲು ಬೇಕೇ ಬೇಕು: ಫೋನ್ ಕಟ್ ಮಾಡಿದೆ, ಲೈನ್ ಕಟ್ಟಾಯ್ತು. ಹಾಗಾಗಿ ಕನ್ನಡದ ಬಾಯಲ್ಲಿ ಇವೆರಡೂ ಕಲಸಿಹೋಗುವುದೇ ಇಲ್ಲ. ಅವಳಿಗೆ ಇನ್ನೊಂದು ಸಮಾಧಾನವೂ ಇದೆ. ‘ಕಟ್ಟು’ ಇಂಗ್ಲಿಷಿಗೆ ಹೋಗಿರುವುದು ನಿಜ, ಬೇರೆ ದಾರಿಯಲ್ಲಿ. ಮರದ ದಿಮ್ಮಿಗಳನ್ನು ಕಟ್ಟಿ ಮಾಡಿದ ದೋಣಿಗೆ ತಮಿಳಿನಲ್ಲಿ ‘ಕಟ್ಟುಮರಂ’ ಎನ್ನುತ್ತಾರೆ. 17ನೇ ಶತಮಾನದಲ್ಲಿ ಅದು ಇಂಗ್ಲಿಷರ ಬಾಯಿಗೆ ಬಂದು ‘ಕಟಮರಾನ್’ ಆಯಿತು.

ನಮ್ಮಲ್ಲಿ ಕೊಯ್ಯುವ ಕೆಲಸಕ್ಕೆ ‘ಕತ್ತಿ’, ‘ಕಡಿ’ ಎಂಬ ಸ್ವಂತ ಪದಗಳಿವೆ. ‘ಕತ್ತರಿ’ಯನ್ನು ನಮ್ಮ ವ್ಯಾಕರಣಗಳು ಕರ್ತರಿಯ ತದ್ಭವ ಎಂದು ಹೇಳುತ್ತ ಬಂದಿವೆ. ಇವು ಯಾವುದೂ ಕಟ್‌ನ ಹುಟ್ಟಿಗೆ ಬೇಕಾಗಿಲ್ಲ.

‘ಕಟೆಡ್’ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಷ್ಟು. ಕಟ್, ಪುಟ್, ಹಿಟ್, ಶಟ್, ಸೆಟ್, ಸ್ಪ್ರೆಡ್ ಎಲ್ಲವೂ ‘ಟ’ ಅಥವಾ ‘ಡ’ದಲ್ಲಿ ಮುಗಿಯುತ್ತವೆ. ಹಿಂದೆ ಭೂತಕಾಲಕ್ಕೆ ‘ತೆ’ ಸೇರುತ್ತಿತ್ತು, ಕಟ್ ‘ಕುಟ್ಟೆ’ ಆಗುತ್ತಿತ್ತು. ಸೇರಿದ ಅಕ್ಷರ ಪದದ ಕೊನೆಯ ‘ಟ’ದ ಜೊತೆ ಒಂದಾಗಿಬಿಟ್ಟಿತು. ಆಮೇಲೆ ಇಂಗ್ಲಿಷಿನಲ್ಲಿ ಪದದ ತುದಿಯ ‘ಎ’ಗಳೆಲ್ಲ ಉದುರಿದವು. ಉಳಿದದ್ದು ಬೋಳು ಕಟ್. ಭೂತಕಾಲದ ಗುರುತು ಇತ್ತು, ಸವೆದುಹೋಯಿತು. ‘ವಾಂಟೆಡ್’, ‘ಸ್ಟಾರ್ಟೆಡ್’ ಯಾಕೆ ಹಾಗಾಗಲಿಲ್ಲ ಎಂದು ಕೇಳುತ್ತಾರೆ, ಸಿದ್ಧರಾಗಿರಿ. ಈ ಸವೆತ ಎಲ್ಲ ಪದಗಳಿಗೂ ಆಗಲಿಲ್ಲ, ಕೆಲವಕ್ಕೆ ಮಾತ್ರ ಆಯಿತು. ಆ ಪಟ್ಟಿಯನ್ನು ಬಾಯಿಪಾಠ ಮಾಡುವುದೊಂದೇ ದಾರಿ.

ಪುಟ್ ಮತ್ತು ಕಟ್ ಹಿಂದೆ ಒಂದೇ ಸ್ವರದ ಪದಗಳು. ಶೇಕ್ಸ್‌ಪಿಯರನ ಕಾಲದಲ್ಲಿ ಎರಡರಲ್ಲೂ ‘ಉ’ ಇತ್ತು. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಈ ‘ಉ’ ಸಡಿಲವಾಗಿ ‘ಅ’ದ ಕಡೆಗೆ ಜಾರಿತು. ತುಟಿ ಸೇರಿಸಿ ಹೇಳುವ ‘ಪ’, ‘ಬ’, ‘ಫ’ಗಳ ಪಕ್ಕದಲ್ಲಿ ಮಾತ್ರ ಕೆಲವು ಪದಗಳಲ್ಲಿ ಹಳೆಯ ‘ಉ’ ಉಳಿದುಕೊಂಡಿತು: ಪುಟ್, ಪುಲ್, ಬುಲ್, ಫುಲ್, ಪುಷ್. ಎಲ್ಲದರಲ್ಲೂ ಉಳಿಯಲಿಲ್ಲ, ‘ಬಟ್’, ‘ಫನ್’ ಜಾರಿಹೋದವು. ಕಾಗುಣಿತ ಮಾತ್ರ ಹಳೆಯದೇ ಇದೆ. ಉತ್ತರ ಇಂಗ್ಲೆಂಡಿನ ಲೀಡ್ಸ್ ಕಡೆಯ ಜನ ಇವತ್ತಿಗೂ ‘ಕುಟ್’ ಎಂದೇ ಹೇಳುತ್ತಾರೆ. ‘ಕುಟ್’ ಎಂದು ಓದಿದ ಮಗು ದಡ್ಡನಲ್ಲ, ಕಾಗುಣಿತವನ್ನು ನಂಬಿದ್ದಾನೆ ಅಷ್ಟೇ.

ಅರ್ಥಗಳ ವಿಷಯಕ್ಕೆ ಬಂದರೆ ಕಟ್‌ನ ಹಾಗೆ ಕೈಕಾಲು ಬೆಳೆಸಿಕೊಂಡ ಪದಗಳು ಕಡಿಮೆ. ಎಲ್ಲದರ ಬುಡದಲ್ಲೂ ಯಾರದೋ ಕೈಯಲ್ಲಿ ನಿಜವಾದ ಚಾಕುವೋ ಕತ್ತರಿಯೋ ಇರುತ್ತದೆ. ಸಿನಿಮಾದ ‘ಕಟ್’ ಇದೆಯಲ್ಲ, ಸಂಕಲನಕಾರರು ಫಿಲ್ಮಿನ ಪಟ್ಟಿಯನ್ನು ನಿಜವಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಅದರಿಂದಲೇ ನಮ್ಮ ಹುಡುಗರ ‘ಕಟ್ ಮಾಡಿದ್ರೆ’ ಎಂಬ ಕಥೆ ಹೇಳುವ ಶೈಲಿ. ಕಂಪ್ಯೂಟರಿನ ಕಟ್ ಅಂಡ್ ಪೇಸ್ಟ್ ಕೂಡ ಹಾಗೇ. ಹಸ್ತಪ್ರತಿಯ ಪ್ಯಾರಾವನ್ನು ಕತ್ತರಿಸಿ ಗೋಂದು ಹಚ್ಚಿ ಬೇರೆಡೆ ಅಂಟಿಸುವುದು ಪತ್ರಿಕೆಗಳ ದಿನದ ಕೆಲಸವಾಗಿತ್ತು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಜೊತೆಗಾರರು ಅದನ್ನು ಪರದೆಗೆ ತಂದರು.

ಒಂದು ಅರ್ಥವನ್ನಂತೂ ಮಕ್ಕಳಿಗೆ ಹೇಳಲೇಬೇಕು. ಗುರುತಿದ್ದೂ ಗುರುತಿಲ್ಲದ ಹಾಗೆ ನಡೆದುಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ ಕಟ್ ಎನ್ನುತ್ತಾರೆ. 1811ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಆಡುಮಾತಿನ ನಿಘಂಟು ಇದರಲ್ಲಿ ನಾಲ್ಕು ಬಗೆ ಹೇಳುತ್ತದೆ. ಆಗದವನು ಎದುರು ಬಂದರೆ ರಸ್ತೆ ದಾಟಿ ಆಚೆ ಹೋಗುವುದು ಮೊದಲನೆಯದು. ಬೇರೆ ಕಡೆ ನೋಡುತ್ತ ಕಾಣದ ಹಾಗೆ ನಟಿಸುವುದು ಎರಡನೆಯದು. ಅವನು ಮರೆಯಾಗುವ ತನಕ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದ ತುದಿಯನ್ನೋ ಮೋಡಗಳ ಅಂದವನ್ನೋ ನೋಡುತ್ತ ನಿಲ್ಲುವುದು ಮೂರನೆಯದು. ಬಗ್ಗಿ ಶೂ ದಾರದ ಜೋಡಣೆಯನ್ನು ಪರೀಕ್ಷಿಸುವುದು ನಾಲ್ಕನೆಯದು. ಊರ ಜಾತ್ರೆಯಲ್ಲಿ ಈ ನಾಲ್ಕನ್ನೂ ಕಂಡಿರುವ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಕೆಂಪು ಪೆನ್ನಿನ ಪ್ರಶ್ನೆ. ಎಲ್ಲದಕ್ಕೂ ಗೆರೆ ಎಳೆಯುವುದು ಒಂದು ದಾರಿ. ಅದರ ಅಪಾಯ ಏನೆಂದರೆ ಮಗು ಬರೆಯುವುದನ್ನೇ ಕಡಿಮೆ ಮಾಡುತ್ತದೆ. ಎಲ್ಲವನ್ನೂ ಬಿಡುವುದು ಇನ್ನೊಂದು ದಾರಿ. ಆಗ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯಲ್ಲೋ ಮುಂದೆ ಕೆಲಸದ ಅರ್ಜಿಯಲ್ಲೋ ಪೆಟ್ಟು ಬೀಳುತ್ತದೆ, ಯಾಕೆ ಬಿತ್ತು ಎಂದು ಹೇಳಲು ಅಲ್ಲಿ ನೀವಿರುವುದಿಲ್ಲ. ನಾನು ಮಾಡುವುದು ಬೇರೆ: ಅರ್ಥ ಕೆಡುವ ಜಾಗದಲ್ಲಿ ಬಿಗಿ, ಬರೀ ರೂಢಿಯ ವ್ಯತ್ಯಾಸವಿರುವಲ್ಲಿ ಸಡಿಲ. ಇದಕ್ಕೆ ಶಿಕ್ಷಕರ ಸಮಯ ಜಾಸ್ತಿ ಬೇಕು, ಮಕ್ಕಳಿಗೆ ಮೊದಮೊದಲು ಗೊಂದಲವೂ ಆಗುತ್ತದೆ. ಆದರೂ ನನಗೆ ಇದೇ ಸರಿ ಅನ್ನಿಸುತ್ತದೆ.

ಸಂಬಳದ ವಿಷಯದಲ್ಲಿ ಅರ್ಥ ಕೆಡುತ್ತದೆ. ರಜೆ ಹಾಕಿದ್ದಕ್ಕೆ ಎರಡು ದಿನದ ಹಣ ಹಿಡಿದುಕೊಂಡರೆ ಅದು ‘ಡಿಡಕ್ಟ್’. ‘ಸ್ಯಾಲರಿ ಕಟ್’ ಎಂದರೆ ಸಂಬಳವನ್ನೇ ಇಳಿಸಿದರು ಎಂದು ಓದುವವರು ತಿಳಿಯುತ್ತಾರೆ. ಕೂದಲಿನದೂ ಹಾಗೇ. ‘ಐ ಕಟ್ ಮೈ ಹೇರ್’ ಎಂದರೆ ಮೊದಲು ಹೊಳೆಯುವುದು ಕನ್ನಡಿ ಮುಂದೆ ನಿಂತು ನಾನೇ ಕತ್ತರಿಸಿಕೊಂಡೆ ಎಂದು. ನಾವು ಕನ್ನಡದಲ್ಲಿ ‘ಕಟಿಂಗ್ ಮಾಡಿಸಿದೆ’ ಎನ್ನುತ್ತೇವೆ. ಆ ‘ಇಸು’ ಕೆಲಸವನ್ನು ಇಂಗ್ಲಿಷಿನಲ್ಲಿ ‘ಹ್ಯಾಡ್’ ಮಾಡುತ್ತದೆ: ‘ಐ ಹ್ಯಾಡ್ ಮೈ ಹೇರ್ ಕಟ್’. ಮಾಡಿದೆ, ಮಾಡಿಸಿದೆ ಎಂಬ ವ್ಯತ್ಯಾಸ ಮಕ್ಕಳ ನಾಲಿಗೆಯಲ್ಲೇ ಇದೆ, ಅದನ್ನೇ ಹಿಡಿದು ಹೇಳಿಕೊಡಿ. ‘ಕಟೆಡ್’ಗಂತೂ ಗೆರೆ ಎಳೆಯಲೇಬೇಕು.

‘ಕಟ್ ದ ಕಾಲ್’ ಬೇರೆ ಥರದ್ದು. ಇಡೀ ಭಾರತದಲ್ಲಿ ಅರ್ಥವಾಗುತ್ತದೆ. ಇಂಗ್ಲೆಂಡ್, ಅಮೆರಿಕದವರು ತಾವೇ ಫೋನ್ ಇಟ್ಟರೆ ‘ಹಂಗ್ ಅಪ್’ ಎನ್ನುತ್ತಾರೆ, ತಾನಾಗಿ ನಿಂತುಹೋದರೆ ‘ಕಟ್ ಆಫ್’ ಎನ್ನುತ್ತಾರೆ. ಅದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರೆ ಸಾಕು, ಅಂಕ ಕಳೆಯಬೇಡಿ. ‘ಕರೆಂಟ್ ಕಟ್’ ಬದಲು ‘ಪವರ್ ಕಟ್’ ಎನ್ನುವುದೂ ಅಷ್ಟೇ.

ಇದಕ್ಕಿಂತ ನನಗೆ ಹೆಚ್ಚು ಬೇಸರ ತರುವುದು ಮಕ್ಕಳು ಎಲ್ಲ ಕೆಲಸಕ್ಕೂ ಕಟ್ ಒಂದನ್ನೇ ಬಳಸುವುದು, ಅದೂ ಕನ್ನಡದಲ್ಲಿ. ‘ತರಕಾರಿ ಕಟ್ ಮಾಡು, ಮರ ಕಟ್ ಮಾಡು, ಬೇಲಿ ಕಟ್ ಮಾಡು’ ಎಂದೇ ಕೇಳಿಸುತ್ತಿದೆ. ನಿಮ್ಮ ಮಕ್ಕಳ ಮನೆಗಳಲ್ಲಿ ಅಜ್ಜಿ ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚುತ್ತಾರೆ. ಅಪ್ಪ ಮಚ್ಚಿನಲ್ಲಿ ಎಳನೀರು ಕೆತ್ತುತ್ತಾರೆ, ತೆಂಗಿನ ಗರಿ ಸೀಳುತ್ತಾರೆ, ರಾಗಿ ಕೊಯ್ಯುತ್ತಾರೆ, ಬೇಲಿ ಸವರುತ್ತಾರೆ, ಮರ ಕಡಿಯುತ್ತಾರೆ. ಪ್ರತಿಯೊಂದಕ್ಕೂ ಬೇರೆ ಕೈವರಸೆ, ಬೇರೆ ಪದ. ಇಂಗ್ಲಿಷಿನಲ್ಲೂ ಇಷ್ಟೇ ಇವೆ: ಹೆಚ್ಚುವುದಕ್ಕೆ ಚಾಪ್, ಬಿಲ್ಲೆಯಾಗಿ ಕೊಯ್ಯುವುದಕ್ಕೆ ಸ್ಲೈಸ್, ಸೀಳುವುದಕ್ಕೆ ಸ್ಪ್ಲಿಟ್, ಪೈರು ಕೊಯ್ಯುವುದಕ್ಕೆ ರೀಪ್, ಸವರುವುದಕ್ಕೆ ಟ್ರಿಮ್, ಮರ ಕಡಿಯುವುದಕ್ಕೆ ಫೆಲ್. ಮಕ್ಕಳಿಗೆ ಮೊದಲು ಕನ್ನಡದ ಪದಗಳನ್ನು ಮನೆಯಿಂದ ಕೇಳಿಕೊಂಡು ಬರಲು ಹೇಳಿ, ಯಾರು ಯಾವ ಆಯುಧದಿಂದ ಮಾಡುತ್ತಾರೆ ಎಂಬುದರ ಸಮೇತ. ಮಾರನೇ ದಿನ ಎದುರಿಗೆ ಇಂಗ್ಲಿಷ್ ಪದ ಹುಡುಕಿಸಿ. ಕೆತ್ತುವುದಕ್ಕೆ ಬಂದಾಗ ಜಗಳ ಆಗುತ್ತದೆ, ಯಾಕೆಂದರೆ ಬೇಲೂರಿನ ಕಲ್ಲಿಗೂ ಎಳನೀರಿಗೂ ನಮ್ಮಲ್ಲಿ ಅದೇ ಪದ. ಕಲ್ಲಿಗೆ ಕಾರ್ವ್, ಎಳನೀರಿಗೆ ಚಾಪ್ ಅಥವಾ ಹ್ಯಾಕ್ ಎಂದು ನೀವು ಬಿಡಿಸಿ ಹೇಳಬೇಕಾಗುತ್ತದೆ. ವಾಟ್ಸಾಪ್ ಸಂದೇಶ ತಂದ ಹುಡುಗನಿಗೆ ಶರ್ಟ್, ಸ್ಕರ್ಟ್, ಸ್ಕೋರ್‌ಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಕೊಡಿ.